ಪಾಸಿಂಗ್

ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಮೇಲೆ
ಅವನು ದೀಪಕ್ಕೆ ಬೆರಳಲ್ಲೊಮ್ಮೆ ಬಡಿದು
ಮಂದ ಎಂದ, ಚೀಟಿಗೆ ಕೆಂಪು ಮುದ್ರೆ ಒತ್ತಿದ.
ಬ್ರೇಕು ಸರಿ, ಹೊಗೆ ಸರಿ, ಟೈರೂ ಸರಿ,
ಬೆಳಕೊಂದೇ ಫೇಲು.

ಹದಿನಾಲ್ಕು ಬೇಸಿಗೆ ಕಂಡ ಸನ್ನಿ ಅದು.
ಊರಿಗೆ ಮರಳಿದ ಸಿಸ್ಟರ್ ಏಲಿಯಮ್ಮನ ಕೈಯಿಂದ
ಆರು ಕಂತಿನಲ್ಲಿ ನನಗೆ ಬಂದದ್ದು.
ಅಜ್ಮಾನಿನ ಬಿಸಿಲು ಅದರ ಮುಖಕ್ಕೆ
ಚಹಾ ಸೋಸುವ ಬಟ್ಟೆಯ ಬಣ್ಣ ಬಳಿದಿತ್ತು.
ಗ್ಯಾರೇಜಿನವನು ಮುನ್ನೂರೈವತ್ತು ದಿರ್ಹಮ್ ಎಂದ.
ನಾನು ನಕ್ಕೆ; ಅವನೂ ನಕ್ಕ, ಇಳಿಸಲಿಲ್ಲ.

ವಾಚ್‌ಮನ್ ಶಫೀಕುಲ್ ಹೇಳಿದ: ಹಲ್ಲುಜ್ಜುವ ಪೇಸ್ಟು.
ಫೋನಿನಲ್ಲಿ ಅವ್ವ ಹೇಳಿದಳು: ಹುಣಸೆಹುಳಿ ಹಚ್ಚಿ ನೋಡೇ,
ಹಿತ್ತಾಳೆ ಸಮೆ ಹೊಳೆಯೋದಿಲ್ವಾ?
ಇದು ಪ್ಲಾಸ್ಟಿಕ್ಕು ಅವ್ವ, ಎಂದೆ.
ಪ್ಲಾಸ್ಟಿಕ್ಕಿಗೂ ಕಿಲುಬು ಹಿಡಿಯೋ ಊರಲ್ಲಿದ್ದೀಯಾ, ಅಂದಳು.

ಶುಕ್ರವಾರ. ನೈಟ್ ಡ್ಯೂಟಿ ಮುಗಿಸಿ ಮಲಗದೆ
ಕಟ್ಟಡದ ಹಿಂದೆ, ಎಸಿಗಳ ನೀರು ತೊಟ್ಟಿಕ್ಕುವಲ್ಲಿ,
ಹತ್ತೂವರೆಗೆ ಮುಗಿದುಹೋಗುವ ನೆರಳಿನಲ್ಲಿ
ಬಂಪರು ಬಿಚ್ಚಿದೆ.
ಸ್ಕ್ರೂಗಳು ಇಡ್ಲಿ ತಟ್ಟೆಯ ಗುಳಿಗಳಲ್ಲಿ,
ಎಡದ್ದು ಬಲದ್ದು ಬೇರೆ ಬೇರೆ.

ಒಳಗಿನ ಕಪ್ಪು ಬಣ್ಣ ಹಪ್ಪಳ ಎದ್ದಿತ್ತು.
ಅದನ್ನು ಮುಟ್ಟಲು ಗಾಜು ಬಿಡಿಸಬೇಕು
(ಗಾಜಲ್ಲ, ಆದರೂ ಎಲ್ಲರೂ ಗಾಜೆನ್ನುತ್ತಾರೆ),
ಬಿಡಿಸಲು ಅಂಟು ಮೆದುವಾಗಬೇಕು,
ಮೆದುವಾಗಲು ಓವನ್ ಬೇಕು.
ಓವನ್ ಮರಿವಿಕ್‌ಳದು. ಅವಳು ಚರ್ಚಿಗೆ ಹೋಗಿದ್ದಳು.
ನೂರು ಡಿಗ್ರಿ, ಎಂಟು ನಿಮಿಷ.
ಕುಕ್ಕರುಗಾಲಲ್ಲಿ ಕೂತು ಕಾದೆ,
ಒಳಗಿಂದ ದೀಪ ನನ್ನನ್ನೇ ನೋಡಿತು.
(ಅವಳಿಗೆ ಈಗಲೂ ಹೇಳಿಲ್ಲ. ಕ್ರಿಸ್‌ಮಸ್ಸಿನಲ್ಲಿ
ಈ ಸಲ ಕೇಕಿಗೆ ಏನೋ ವಾಸನೆ ಎಂದಾಗ
ಇನ್ನೊಂದು ತುಂಡು ಕೇಳಿ ತಿಂದೆ.)

ಕವಚ ಬಿಟ್ಟಿತು, ಲಟಕ್ಕೆಂದು ಒಂದು ಕೊಕ್ಕೆಯೂ.
ಒಳಗೆ ಚಮಚದಷ್ಟು ಮರಳು.
ಒಂದು ರೆಕ್ಕೆ; ಅದರ ಹುಳ ಇಲ್ಲ.
ಬಟ್ಟಲಿನ ಬೆನ್ನಿಗೆ, ಮಾರ್ಕರಿನಲ್ಲಿ,
ಮಲಯಾಳದ ಮೂರು ಉರುಟು ಅಕ್ಷರ.
ನನಗಿಂತ ಮೊದಲೇ ಯಾರೋ ಇಲ್ಲಿಗೆ ಬಂದಿದ್ದರು.
ಏಲಿಯಮ್ಮನಿಗೆ ಫೋಟೊ ಕಳಿಸಿದೆ, ಯಾರ ಹೆಸರು ಕೇಳಿ.

ಆಮೇಲೆ ಕಾಗದ. ನಾನೂರರದ್ದು, ಎಂಟುನೂರರದ್ದು.
ನೀರು ಬಿಡುತ್ತ ಉಜ್ಜಿದೆ, ಅಡ್ಡಕ್ಕೆ, ಆಮೇಲೆ ಉದ್ದಕ್ಕೆ.
ಹಳದಿ ಇಳಿಯಿತು, ದೀಪ ಪೂರಾ ಕುರುಡಾಯಿತು,
ಮಜ್ಜಿಗೆ ಕುಡಿದಿಟ್ಟ ಲೋಟ.
ಶಫೀಕುಲ್ ತಲೆ ಕೊಡವಿದ: ಹೋಯಿತು, ಕೆಟ್ಟಿತು.
ಈ ಹಂತ ನನಗೆ ಗೊತ್ತು.
ತೊಳೆದ ಮೊದಲ ದಿನ ಹುಣ್ಣು ದೊಡ್ಡದೇ ಕಾಣುತ್ತದೆ,
ಮನೆಯವರು ನನ್ನನ್ನೇ ದುರುಗುಟ್ಟುತ್ತಾರೆ.
ಬೈಸಿಕೊಳ್ಳುತ್ತ ತೊಳೆಯುವುದೇ ನನ್ನ ಕಸುಬು.
ಎರಡು ಸಾವಿರ. ಮೂರು ಸಾವಿರ.
ತೋಳು ಬಿದ್ದುಹೋಯಿತು, ನೆರಳೂ.

ಕಪ್ಪು ಸ್ಪ್ರೇ ತೆಳ್ಳಗೆ ಮೂರು ಸಲ.
ಮೇಲಿನ ವಾರ್ನಿಷಿಗೆ ಗಾಳಿ ಮರಳು ತಂದು ಕೂರಿಸಿತು,
ಎಡದ್ದನ್ನು ಮತ್ತೆ ಮೊದಲಿಂದ.
ಈ ಸಲ ಬಾತ್‌ರೂಮಿನಲ್ಲಿ, ಶವರಿನ ಸರಳಿಗೆ ನೇತುಹಾಕಿ,
ಒಣಗುವವರೆಗೆ ಸ್ನಾನ ಯಾರಿಗೂ ಇಲ್ಲ.

ಸಂಜೆ ಏಲಿಯಮ್ಮನ ಉತ್ತರ ಬಂತು:
ಹೆಸರಲ್ಲ ಮೋಳೇ, ಪದುಕ್ಕೆ ಎಂದಿದೆ,
ಮೆಲ್ಲಗೆ ಎಂದರ್ಥ.

ಮುರಿದ ಕೊಕ್ಕೆ ಇಡ್ಲಿ ಗುಳಿಯಲ್ಲಿತ್ತು.
ಮಾರ್ಕರು ಹುಡುಕಿ ಅವನ ಅಕ್ಷರದ ಕೆಳಗೆ
ನನ್ನವೂ ಮೂರು ಬರೆದೆ. ಮೆಲ್ಲಗೆ.
ಮತ್ತೆ ಅಂಟು ಸುರಿದು ಮುಚ್ಚಿದೆ.

ಭಾನುವಾರ... ಅಲ್ಲ, ಸೋಮವಾರ,
ಅವನು ಬಡಿದೂ ನೋಡಲಿಲ್ಲ,
ಮುದ್ರೆ ಒತ್ತಿ ಮುಂದಿನ ಗಾಡಿ ಕರೆದ.

ಅದಕ್ಕೂ ಮೊದಲು, ಶುಕ್ರವಾರ ರಾತ್ರಿಯೇ,
ಹಿಂಗೋಡೆಗೆ ಮುಖ ಮಾಡಿ ಸ್ವಿಚ್ಚು ತಿರುಗಿಸಿದ್ದೆ.
ಎಡದ ಬೆಳಕು ಒಂದು ಕೊಕ್ಕೆಯಷ್ಟು ಓರೆ.
ಆ ಓರೆಯಲ್ಲಿ ಗೋಡೆಯ ಬಿರುಕು, ಒಂದು ಬೆಕ್ಕು,
ಹಗ್ಗದ ಮೇಲೆ ಶಫೀಕುಲ್‌ನ ಲುಂಗಿಯ ಚೌಕಳಿ
ಹಸಿರೋ ನೀಲಿಯೋ ಎಂದು ತಿಳಿಯುವಷ್ಟು.
ಕಣ್ಣಿಗೆ ಕೈ ಅಡ್ಡ ಹಿಡಿದು ಅವನು ಕೂಗಿದ:
ಸಾಕು ಸಿಸ್ಟರ್, ಆರಿಸಿ, ನಾಳೆ ಐದಕ್ಕೆ ಏಳಬೇಕು.